ತೊಂಬತ್ತು ಒಲೆಗಲ್ಲು

ನಾನು ಹುಟ್ಟಿದ ಮೇಲೆ ನಮ್ಮ ಪಟ್ಟಣದ ಕಡಲು ಏಳು ಸಲ ಜಾಗ ಬದಲಿಸಿತು. ಏಳು ಸಲವೂ ಅದನ್ನು ಕರೆದುಕೊಂಡು ಹೋದವರು ನಾವು. ನಾವೆಂದರೆ ಹೂಳಿನವರು. ಹಡಗು ತಳ ಕಚ್ಚದ ಹಾಗೆ ಕಟ್ಟೆಯ ಬುಡದ ಕೆಸರನ್ನು ಬುಟ್ಟಿಯಲ್ಲಿ ಎತ್ತಿ ದೂರ ಸುರಿಯುವವರು. ಮೂವತ್ತು ಮನೆ, ಮೂವತ್ತು ಒಲೆ. ನಮ್ಮ ಒಲೆಗಲ್ಲು ಎಲ್ಲಿದೆಯೋ ಅಲ್ಲಿಂದ ಇನ್ನೂರು ಹೆಜ್ಜೆಗೆ ಕಡಲು. ಕಲ್ಲು ಎತ್ತಿ ಬೇರೆ ಕಡೆ ಹೂಡಿ ಬೆಂಕಿ ಹಾಕಿದರೆ ಮೂರನೆಯ ದಿನ ಹೊತ್ತೇರುವಷ್ಟರಲ್ಲಿ ಕಡಲು ಅಲ್ಲಿಗೆ ಬಂದಿರುತ್ತದೆ. ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಡಿಮೆಯಿಲ್ಲ.

ಹಾಗಾಗಿ ನಮ್ಮ ಪಟ್ಟಣದಲ್ಲಿ ಯಾರೂ ಕಲ್ಲಿನ ಮನೆ ಕಟ್ಟುತ್ತಿರಲಿಲ್ಲ. ಸುಂಕದ ಮನೆ ಹಲಗೆಯದು, ಬಿಚ್ಚಿ ಗಾಡಿಗೆ ಹೇರಬಹುದು. ಕುದುರೆ ಲಾಯದ ಕಂಬಗಳಿಗೆಲ್ಲ ಗುರುತು ಕೊರೆದಿದ್ದರು, ಮತ್ತೆ ನಿಲ್ಲಿಸುವಾಗ ಯಾವುದರ ಪಕ್ಕ ಯಾವುದು ಎಂದು ತಿಳಿಯಲಿ ಅಂತ. ಹಳೆಯ ಹಡಗುಕಟ್ಟೆಗಳ ಮೆಟ್ಟಿಲುಗಳು ನವಣೆ ಹೊಲಗಳ ನಡುವೆ ನಿಂತಿದ್ದವು. ಎಮ್ಮೆ ಕಾಯುವವರು ಅದರ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದರು. ದೇವಸ್ಥಾನವೊಂದೇ ಕಲ್ಲಿನದು. ಅದು ಈಗ ದಡದಿಂದ ಅರ್ಧ ದಿನದ ದಾರಿ. ಹಡಗುಗಳಿಗೆಂದು ಅದರ ಶಿಖರದಲ್ಲಿ ಹಚ್ಚುತ್ತಿದ್ದ ದೀಪ ನರಿಗಳಿಗೆ ಬೆಳಕು ಕೊಡುತ್ತಿತ್ತು. ಪೂಜಾರಿ ಹಚ್ಚುವುದನ್ನು ಮಾತ್ರ ಬಿಟ್ಟಿರಲಿಲ್ಲ. ದೇವಸ್ಥಾನದೆದುರು ಒಂದು ಶಾಸನದ ಕಲ್ಲಿದೆ. ವರ್ತಕರ ಯಜಮಾನ ಪಟ್ಟಣಸ್ವಾಮಿ ಕೇತಿಸೆಟ್ಟಿಯ ಅಜ್ಜ ಸಮುದ್ರರಾಜನನ್ನು ಕೈಹಿಡಿದು ಕರೆತಂದ ಎಂದು ಅದರಲ್ಲಿ ಬರೆಸಿದ್ದಾರೆ. ಅಜ್ಜ ಕೈ ಹಿಡಿದಿದ್ದನೋ ಕಾಲು ಹಿಡಿದಿದ್ದನೋ ನಾನು ಕಾಣೆ. ನನ್ನ ನೆತ್ತಿಯಲ್ಲಿ ಅಂಗೈಯಗಲ ಕೂದಲು ಹುಟ್ಟದ ಜಾಗವಿದೆ. ಒಲೆಗಲ್ಲು ಹೊರುವವರು ಹೆಂಗಸರು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕಲ್ಲು, ಮನೆಗೆ ಮೂರು.

ಯಾಕೆ ಎತ್ತಬೇಕು ಎಂದು ನಾವು ಕೇಳುವಂತಿರಲಿಲ್ಲ. ಒಮ್ಮೆ ಪಡುವಣ ದೇಶದವರ ಕುದುರೆ ಹಡಗುಗಳು ದೊಡ್ಡವಾದವು, ಆಳದ ನೀರು ಬೇಕೆಂದರು. ಒಮ್ಮೆ ಕೇತಿಸೆಟ್ಟಿಯ ತಂಗಿಗೆ ಕಿಟಕಿಯಿಂದ ಕಡಲು ಕಾಣಬೇಕು ಎನಿಸಿತು. ಒಮ್ಮೆ ಗಾಳಿ ತಿರುಗಿ, ನಾವು ಒಣಮೀನು ಸುಡುವ ವಾಸನೆ ಸೆಟ್ಟರ ಮಾಳಿಗೆಗೆ ಹೋಯಿತು. ಡಂಗುರದವನು ಬಂದು ಎಲ್ಲಿಗೆ ಎಂದು ಸಾರಿ ಹೋಗುತ್ತಿದ್ದ, ನಾವು ಎತ್ತುತ್ತಿದ್ದೆವು. ಡಂಗುರ ಬೀಳದೆ ಒಲೆ ಎತ್ತಿದರೆ ಕಡಲು ದಾರಿ ತಪ್ಪುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಯಾರು ನಂಬಿಸಿದರೋ.

ಎಂಟನೆಯ ಡಂಗುರ ಬಂದಾಗ ನನ್ನ ಮಗಳು ಸಾತಿಗೆ ಬಸುರಿನ ಏಳನೆಯ ತಿಂಗಳು.

ಈ ಸಲ ಸಾರಿದ್ದೇ ಬೇರೆ. ಹದಿನೈದು ಒಲೆ ಮಾತ್ರ ಎತ್ತಬೇಕು, ಎರಡು ದಿನದ ದಾರಿ ನಡೆದು ತೆಂಕಣ ಪಟ್ಟಣಕ್ಕೆ ಹೋಗಬೇಕು. ತೆಂಕಣ ಪಟ್ಟಣವೂ ಒಂದು ಕಾಲದಲ್ಲಿ ನಮ್ಮದರಷ್ಟೇ ಮೆರೆದ ರೇವು. ಅಲ್ಲಿನ ಹೂಳಿನವರು ಒಂದು ಸಿಡುಬಿನ ವರ್ಷದಲ್ಲಿ ಮನೆಮನೆಯೇ ಮುಗಿದುಹೋದರು, ಅವರ ಹಿಂದೆ ಕಡಲೂ ಹೋಯಿತು. ಅಲ್ಲಿನ ಒಡೆಯ ಬೊಪ್ಪರಸರು ಈಗ ಕೇತಿಸೆಟ್ಟಿಯ ಮಗನಿಗೆ ಮಗಳನ್ನು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಕೇತಿಸೆಟ್ಟಿ ಬೀಗರಿಗೆ ಕೊಡುವ ಉಡುಗೊರೆ ಹದಿನೈದು ಒಲೆ. ಅರ್ಧ ಇಲ್ಲಿ, ಅರ್ಧ ಅಲ್ಲಿ. ಎರಡು ಕಡೆಯೂ ಕಡಲು, ಎರಡು ರೇವಿಗೂ ಒಂದೇ ಮನೆತನ. ಲೆಕ್ಕ ಚೆನ್ನಾಗಿತ್ತು. ಎಳೆಯ ಜೋಡಿಗಳ ಒಲೆಗಳನ್ನೇ ಆರಿಸಿದ್ದರು. ನನ್ನ ಮಗಳ ಒಲೆ ಅದರಲ್ಲಿತ್ತು.

ನಾನು ಸೆಟ್ಟರ ಮನೆಗೆ ಹೋಗಿ ಕುದುರೆ ಕಟ್ಟುವ ಕಂಬದ ಆಚೆ ನಿಂತೆ. ನಾವು ನಿಲ್ಲಬಹುದಾದದ್ದು ಅಲ್ಲಿಯವರೆಗೆ. ಕೇತಿಸೆಟ್ಟಿ ಕೆಟ್ಟ ಮಾತಾಡುವವರಲ್ಲ. ಎಲೆ ಅಡಿಕೆ ಉಗಿದು ಬಂದು ಜಗಲಿಯ ಮೇಲೆ ಕೂತು ಕೇಳಿದರು.

"ಒಡೆಯಾ, ನನ್ ಮಗಳು ಏಳು ತಿಂಗಳ ಬಸುರಿ. ಚೊಚ್ಚಲು. ತವರಲ್ಲೇ ಆಗ್ಬೇಕು. ಅವಳ ಒಲೆ ಬಿಟ್ಟು ಬ್ಯಾರೆದು ತಗೊಳಿ. ಹೆರಿಗೆ ಆಗಿ ಮೂರು ತಿಂಗಳಿಗೆ ನಾನೇ ಕರ್ಕೊಂಡ್ ಹೋಗಿ ಬಿಟ್ಟು ಬತ್ತೀನಿ" ಎಂದೆ.

"ಚಾಗವ್ವ ಅಲ್ಲವೇ ನೀನು? ಒಳ್ಳೆಯ ಕೆಲಸಗಾತಿ. ನೋಡು, ಬಸುರಿಯರು ಎಷ್ಟು ಜನ ಇದ್ದಾರೆಂದು ಬೊಪ್ಪರಸರು ಕೇಳಿಯೇ ಒಪ್ಪಿದ್ದು. ಮಂಗಳಕಾರ್ಯದಲ್ಲಿ ಯಾರಾದರೂ ಬರಿಯ ಕೊಡ ಕೊಡುತ್ತಾರೆಯೇ? ತುಂಬಿದ ಕೊಡ ಕೊಡಬೇಕು."

"ಕೊಡ ಅಲ್ಲ ಒಡೆಯಾ. ಮಗಳು."

"ಅದನ್ನೇ ನಾನೂ ಹೇಳಿದ್ದು" ಎಂದು ಎದ್ದು ಒಳಗೆ ಹೋದರು. ಹೋಗುವಾಗ ನನಗೆ ಎರಡು ಬಾಳೆಹಣ್ಣು ಕೊಡಿಸಿದರು. ಆಳು ಅವನ್ನು ಕಂಬದ ಬುಡಕ್ಕೆ ಎಸೆದ.

ಮನೆಗೆ ಬಂದು ಹೇಳಿದಾಗ ನನ್ನ ಅತ್ತೆ ಬಿಜ್ಜವ್ವ ಬುಟ್ಟಿ ಹೆಣೆಯುತ್ತಾ ತಲೆಯೆತ್ತಲಿಲ್ಲ. "ಕುದುರೆ ಕೊಳ್ಳೋವಾಗ ಹಲ್ಲು ನೋಡ್ತಾರೆ. ನಮ್ಮಲ್ಲಿ ಹೊಟ್ಟೆ ನೋಡವ್ರೆ. ಕುದುರೆಗಿಂತ ನಮ್ದೇ ಮೇಲಾಯ್ತು ಬಿಡು" ಎಂದಳು. ಅತ್ತೆಗೆ ಎಪ್ಪತ್ತರ ಮೇಲೆ. ಹದಿನೆಂಟು ಸಲ ಕಡಲನ್ನು ಹೊತ್ತವಳು. ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಆ ದಿನ ಹೆಣೆದ ಬುಟ್ಟಿ ಮಾತ್ರ ಸೊಟ್ಟಗಾಗಿತ್ತು.

ಸಾತಿ ಹೊರಟ ಬೆಳಿಗ್ಗೆ ನಾನೇ ಅವಳ ತಲೆಗೆ ಸಿಂಬೆ ಸುತ್ತಿದೆ. ಒಂದು ಕಲ್ಲು ಅವಳಿಗೆ, ಎರಡು ಅವಳ ನಾದಿನಿಯರಿಗೆ. ಮುಂದೆ ಮಂಗಳವಾದ್ಯ, ಅದರ ಹಿಂದೆ ರೇಷ್ಮೆಯ ಮೂಟೆಗಳು, ಅದರ ಹಿಂದೆ ಚೀನದ ಪಾತ್ರೆಗಳ ಪೆಟ್ಟಿಗೆ, ಕಟ್ಟಕಡೆಗೆ ಇವರು. ಸಾತಿ ಕುತ್ತಿಗೆ ಅಲುಗಿಸದೆ ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿ ಕೇಳಿದಳು.

"ಅವ್ವಾ, ನೋವು ಬಂದ್ರೆ ಯಾವ ಮಗ್ಗುಲಿಗೆ ಮಲಗ್ಬೇಕು?"

"ಎಡಕ್ಕೆ."

"ಎಷ್ಟೊತ್ತು?"

"ನಾನು ಬರೋಗಂಟ" ಎಂದೆ. ಬಾಯಿಗೆ ಬಂದದ್ದನ್ನು ಹೇಳಿದೆ. ಹೇಳಿದ ಮೇಲೆ ಅದು ಕೊಟ್ಟ ಮಾತಾಯಿತು.

ಅವರು ಅಲ್ಲಿ ಒಲೆ ಹೂಡಿದ ಮೂರನೆಯ ದಿನ ನಮ್ಮ ಕಡಲು ಎದ್ದು ಹೋಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಇನ್ನೂರನೆಯ ಹೆಜ್ಜೆಯಲ್ಲಿ ಬರೀ ಕೆಸರು, ಅದರ ಮೇಲೆ ಬಾಯಿ ಬಿಡುತ್ತಿದ್ದ ಮೀನು. ಹನ್ನೊಂದು ಹಡಗುಗಳು ಮಗ್ಗುಲಾಗಿ ಬಿದ್ದಿದ್ದವು. ಒಂದರಲ್ಲಿ ನಲವತ್ತು ಕುದುರೆ; ಅವನ್ನು ಹೊಟ್ಟೆಗೆ ಹಗ್ಗ ಕಟ್ಟಿ ಇಳಿಸುವಷ್ಟರಲ್ಲಿ ನಾಲ್ಕು ಸತ್ತವು. ಹಾಗಾದರೆ ತೆಂಕಣ ಪಟ್ಟಣಕ್ಕೆ ಹೋಗಿರಬೇಕು ಎಂದುಕೊಂಡರು. ಅಲ್ಲಿಗೂ ಹೋಗಿರಲಿಲ್ಲ. ಎರಡು ಪಟ್ಟಣಗಳಿಗೂ ಸರಿಯಾಗಿ ಒಂದೊಂದು ದಿನದ ದಾರಿಯಾಗುವ ಹಾಗೆ, ಜಾಲಿ ಬಿಟ್ಟು ಏನೂ ಬೆಳೆಯದ ಮುಳ್ಳುಬಯಲಿನಲ್ಲಿ ಹೋಗಿ ನಿಂತಿತ್ತು. ಹದಿನೈದು ಒಲೆ ಇತ್ತ, ಹದಿನೈದು ಒಲೆ ಅತ್ತ. ಅದು ಮಧ್ಯೆ ನಿಂತಿತು. ಕಡಲಿಗೆ ಗೊತ್ತಿದ್ದದ್ದು ಅಷ್ಟೇ.

ಜನ ಬೇಗ ಹೊಂದಿಕೊಂಡರು, ಜನ ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ಮೀನುಗಾರರು ದೋಣಿಗೆ ಗಾಲಿ ಕಟ್ಟಿಕೊಂಡು ಮುಳ್ಳುಬಯಲಿಗೆ ಹೋದರು. ಕುಂಬಾರರಿಗೆ ಕಡಲ ತಳದಲ್ಲಿ ಒಳ್ಳೆಯ ಜೇಡಿ ಸಿಕ್ಕಿತು. ಪಡುವಣ ನಾವಿಕರು ಬಿದ್ದ ಹಡಗಿನ ಹಲಗೆ ಕಿತ್ತು ಗುಡಿಸಲು ಮಾಡಿಕೊಂಡು ಈರುಳ್ಳಿ ಬೆಳೆದರು. ಹೊಂದಿಕೊಳ್ಳಲಾಗದವರು ವರ್ತಕರು. ಕೆಸರಿಗೆ ಹಾಲು ಸುರಿಸಿದರು, ಹೋಮ ಮಾಡಿಸಿದರು. ಆಮೇಲೆ ಕೇತಿಸೆಟ್ಟಿ ಬೊಪ್ಪರಸರಿಗೆ ಹೇಳಿಕಳಿಸಿದರು: ಉಡುಗೊರೆ ಹಿಂದಕ್ಕೆ ಕೊಡಿ. ಬೊಪ್ಪರಸರು ಮರುಮಾತು ಕಳಿಸಿದರು: ಹಿಂದಕ್ಕೆ ಕೊಡುವ ಪದ್ಧತಿಯಿಲ್ಲ, ಉಳಿದರ್ಧವನ್ನೂ ನೀವೇ ಕಳಿಸಿ. ಮದುವೆ ನಿಂತಿತು. ಎರಡು ಕಡೆಯೂ ನಮ್ಮ ಕೇರಿಗಳಿಗೆ ಕಾವಲು ಬಿತ್ತು.

ಕಾವಲು ಎಂದರೆ ಒಲೆಗೆ. ಒಂದೊಂದು ಗುಡಿಸಲಿಗೂ ಒಬ್ಬೊಬ್ಬ ಈಟಿಯವನು. ಒಲೆ ಆರಿತೋ ನಿಮ್ಮ ತಲೆ ಹೋಯಿತು ಎಂದು ಕೇತಿಸೆಟ್ಟಿ ಅವರಿಗೆ ಹೇಳಿದ್ದರಂತೆ. ಕಡಲು ಬರುವುದು ಬೆಂಕಿಗೆ ಎಂದು ಅವರ ತಿಳಿವಳಿಕೆ. ಏಳು ತಲೆಮಾರು ನಮ್ಮಿಂದ ಒಲೆ ಎತ್ತಿಸಿದರೂ ನಾವು ಏನನ್ನು ಎತ್ತುತ್ತೇವೆಂದು ಒಬ್ಬರೂ ಹತ್ತಿರ ಬಂದು ನೋಡಿರಲಿಲ್ಲ. ಈಟಿಯವರು ಬಾಗಿಲಾಚೆಯಿಂದಲೇ ಸೌದೆ ಎಸೆಯುತ್ತಿದ್ದರು, "ಹಾಕಮ್ಮ, ಇನ್ನೂ ಹಾಕು" ಎಂದು ಅಂಗಲಾಚುತ್ತಿದ್ದರು.

"ನನ್ ಜಲ್ಮದಲ್ಲಿ ಮೊದಲ್ನೇ ಸಲ ಸೌದೆ ಪುಕ್ಸಟ್ಟೆ ಬತ್ತಾ ಐತೆ" ಎಂದಳು ಅತ್ತೆ. "ಇವರ ತಲೆ ಮ್ಯಾಲೆ ನಮ್ ಅನ್ನ ಬೇಯ್ತಾ ಐತೆ ಕಣೆ, ನೋಡು."

ಹೀಗೆ ಒಂದೂವರೆ ತಿಂಗಳು ಕಳೆಯಿತು. ಎರಡೂ ಪಟ್ಟಣಕ್ಕೆ ನಡೆದು ಮೀನು ಮಾರುವ ಗುಜ್ಜವ್ವ ಒಂದು ಮಧ್ಯಾಹ್ನ ಕುಕ್ಕೆ ಇಳಿಸಿ ನನ್ನ ಬಾಗಿಲಲ್ಲಿ ಕೂತಳು. ಮೀನು ಆರಿಸುವ ಹಾಗೆ ಮಾಡುತ್ತಾ ಕೇಳಿದೆ.

"ಕಂಡ್ಯಾ?"

"ಬೇಲಿ ಹಾಕವ್ರೆ ಕಣಕ್ಕ, ಕುರಿದೊಡ್ಡಿಗೆ ಹಾಕೋ ಹಂಗೆ. ನಾನೂ ಬೇಲಿ ಸಂದಿಯಿಂದ್ಲೇ ಮೀನು ಕೊಟ್ಟೆ. ಹೊಟ್ಟೆ ಕೆಳಕ್ಕೆ ಇಳದೈತೆ. ಕಾಲು ಊದ್ಕೊಂಡವೆ. ನನ್ ಕಣ್ಣಿಗೆ ಇನ್ನು ಎಂಟು ದಿನ, ಹೆಚ್ಚಂದ್ರೆ ಹತ್ತು."

"ಸೂಲಗಿತ್ತಿ?"

"ಆ ಊರಿನ ಸೂಲಗಿತ್ತಿ ಬೇಲಿ ಒಳಕ್ಕೆ ಬರಕಿಲ್ವಂತೆ. ಮುಟ್ಟಕಿಲ್ಲ ಅಂದ್ಳಂತೆ." ಗುಜ್ಜವ್ವ ಕುಕ್ಕೆ ತಲೆಗೇರಿಸಿದಳು. "ಎಡ ಮಗ್ಗುಲಿಗೇ ಮಲಗ್ತಾವಳೆ ಅಂತ ಹೇಳು ಅಂದ್ಲು. ಅದೇನೋ ನಂಗೊತ್ತಿಲ್ಲ."

ಆ ಸಂಜೆಯೊಳಗೆ ನಾನು ಅತ್ತೆಗೆ ಹೇಳಿಬಿಟ್ಟೆ. "ಅತ್ತೆ, ಇವರು ಬೆಂಕಿ ಕಾಯ್ತಾವ್ರೆ. ಕಲ್ಲು ಯಾರೂ ನೋಡ್ತಾ ಇಲ್ಲ."

"ಡಂಗುರ ಬೀಳ್ದೆ ಒಲೆ ಎತ್ತಿದ್ರೆ ಕಡಲು ದಾರಿ ತಪ್ತದೆ ಅಂತಿದ್ಲು ನಮ್ಮತ್ತೆ."

"ಈಗ ಮುಳ್ಳುಬಯಲಲ್ಲಿ ನಿಂತೈತಲ್ಲ, ಅದು ಡಂಗುರ ಹೊಡ್ದು ಎತ್ತಿದ್ದೇ ತಾನೇ?"

ಅತ್ತೆ ಬಗ್ಗಿ ಒಲೆಯ ಕಲ್ಲುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, "ನನ್ ಕಲ್ಲು ಬಲಗಡೇದು ಸ್ವಲ್ಪ ಬಿರುಕು ಬಿಟ್ಟೈತೆ. ಹುಷಾರಾಗಿ ಎತ್ತು" ಎಂದಳು.

ಕಡಲಿಲ್ಲದಿದ್ದರೂ ಹೂಳು ಎತ್ತುವ ಕೆಲಸ ನಿಂತಿರಲಿಲ್ಲ. ಅದು ಮರಳಿ ಬರಲು ಕಾಲುವೆ ತೋಡಿಡಿ ಎಂದು ಸೆಟ್ಟರ ಅಪ್ಪಣೆಯಾಗಿತ್ತು. ನಾವು ಬುಟ್ಟಿಯಲ್ಲಿ ಒಲೆಗಲ್ಲು ಇಟ್ಟು, ಮೇಲೆ ಮೊಣಕೈಯುದ್ದ ಹಸಿ ಹೂಳು ಮೆತ್ತಿ, ಹಾಡುಹಗಲಲ್ಲಿ ಈಟಿಯವರ ಮುಂದೆಯೇ ಹೊತ್ತು ನಡೆದೆವು. ಒಲೆಯ ಜಾಗದಲ್ಲಿ ದಾರಿಯ ಕಲ್ಲು ಮೂರು ಇಟ್ಟು ಬೆಂಕಿ ಉಳಿಸಿದೆವು. ಒಬ್ಬನಾದರೂ ಬುಟ್ಟಿಗೆ ಈಟಿ ಚುಚ್ಚಿ ನೋಡಿದ್ದರೆ ನಮ್ಮ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಹೂಳು ತಾಗೀತೆಂದು "ಏಯ್, ದೂರ, ದೂರ ಹೋಗ್ರೇ!" ಎಂದು ಅವರೇ ದಾರಿ ಬಿಟ್ಟರು. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಖುಷಿಯಿಂದ ಕೇಳಿದ್ದು ಆಗ ಮಾತ್ರ. ಎರಡು ದಿನದಲ್ಲಿ ನಲವತ್ತೈದು ಕಲ್ಲು ಹೂಳಿನ ದಿಬ್ಬದ ಹಿಂದೆ ಸೇರಿದವು. ಮೂರನೆಯ ಬೆಳಿಗ್ಗೆ ಹದಿನೈದು ಮನೆಯವರೂ ಕೆಲಸಕ್ಕೆ ಹೋಗುವವರ ಹಾಗೆ ಬುಟ್ಟಿ ಹಿಡಿದು ಹೊರಟವರು ತಿರುಗಿ ಬರಲಿಲ್ಲ. ಈಟಿಯವರು ಇನ್ನೂ ಎರಡು ದಿನ ಖಾಲಿ ಗುಡಿಸಲುಗಳಿಗೆ ಸೌದೆ ಎಸೆದರಂತೆ.

ತೆಂಕಣ ಪಟ್ಟಣದ ಬಾಗಿಲಿಗೆ ನಾವು ಮುಟ್ಟಿದಾಗ ಬೊಪ್ಪರಸರು ಸುದ್ದಿ ಕೇಳಿ ತಾವೇ ಕೋಟೆಯ ಮೇಲೆ ಬಂದರು. ನಮ್ಮ ತಲೆಯ ಮೇಲಿನ ಕಲ್ಲುಗಳನ್ನು ನೋಡಿ ಅವರ ಮುಖ ಅರಳಿತು.

"ಬಂದಿರಾ! ಕರೆಯದೆಯೇ ಬಂದಿರಾ! ಕೆಳಗೆ ದಡದ ಬೇಲಿಯೊಳಗೆ ಜಾಗವಿದೆ. ಎಲ್ಲರೂ ಒಟ್ಟಿಗಿರಿ."

"ಮೊದ್ಲು ನನ್ ಮಗಳನ್ನ ಹೊರಗೆ ಕಳಿಸಿ ಒಡೆಯಾ. ಸಾತಿ ಅಂತ. ಬಸುರಿ."

"ಒಳಗೆ ಬಂದರೆ ಅವಳ ಪಕ್ಕದಲ್ಲೇ ಇರಬಹುದಲ್ಲ."

"ಬೇಲಿ ಒಳಕ್ಕೆ ಬಂದವರು ಹೊರಕ್ಕೆ ಹೋಯ್ತಾರಾ?"

ಬೊಪ್ಪರಸರು ನಕ್ಕರು. "ಹೊರಗೆ ಹೋಗಿ ಏನು ಮಾಡುತ್ತೀರಿ? ಹಸಿವಾದಾಗ ಬನ್ನಿ, ಬಾಗಿಲು ತೆಗೆಯುತ್ತೇವೆ."

ಬಾಗಿಲು ಮುಚ್ಚಿತು. ಆ ಊರಿನ ಪಡುವಲಿಗೆ, ಹಳೆಯ ದಡದಲ್ಲಿ, ನಮ್ಮವರ ಬೇಲಿ. ಮೂಡಲಿಗೆ ಬೋಳುಗುಡ್ಡ. ನಡುವೆ ಊರು. ನಾವು ಗುಡ್ಡ ಹತ್ತಿ ಅಲ್ಲಿ ಒಲೆ ಹೂಡಿದೆವು. ಪಾಪ, ಹೂಳಿನವರು ಅರಿಯದೆ ಮಾಡಿದರು ಎಂದು ಈಗಲೂ ಕೆಲವರು ನಮ್ಮ ಪರವಾಗಿ ಹೇಳುತ್ತಾರೆ. ಅಂಥ ಕನಿಕರ ನನಗೆ ಬೇಡ. ನಾನು ತಿಳಿದೇ ಮಾಡಿದೆ. ಹದಿನೈದು ಒಲೆ ಆಚೆ, ಹದಿನೈದು ಒಲೆ ಈಚೆ, ಕಡಲು ನಿಲ್ಲುವುದು ಯಾವ ಕಡೆ ಎಂದು ಬೆಂಕಿ ಊದುವಾಗಲೇ ನನಗೆ ಗೊತ್ತಿತ್ತು. ಊದಿದೆ.

ಮೊದಲ ದಿನ ಊರಿನ ಬಾವಿಗಳು ಉಪ್ಪಾದವು. ಎರಡನೆಯ ದಿನ ಪೇಟೆಯ ಚರಂಡಿಗಳಲ್ಲಿ ಏಡಿ ಬಂದವು. ಮೂರನೆಯ ದಿನ ಹೊತ್ತೇರುವಷ್ಟರಲ್ಲಿ ಪೇಟೆಬೀದಿಯಲ್ಲಿ ಅಲೆ. ಮೆಣಸಿನ ಮೂಟೆಗಳು ತೇಲಿದವು, ವರ್ತಕರ ಚಾವಡಿಯಲ್ಲಿ ಸೊಂಟಮಟ್ಟ ನೀರು. ಬೊಪ್ಪರಸರ ಮನೆ ಎತ್ತರದ ಜಗಲಿಯದು, ಅದಕ್ಕೆ ಇನ್ನೂ ಒಂದು ಮೆಟ್ಟಿಲು ಬಾಕಿಯಿತ್ತು. ಜನ ಮಕ್ಕಳು ಮರಿ ಕಟ್ಟಿಕೊಂಡು ನಮ್ಮ ಗುಡ್ಡಕ್ಕೇ ಓಡಿ ಬಂದರು. ಓಡಿ ಬಂದವರು ನಮ್ಮ ಒಲೆಗಳಿಂದ ಇಪ್ಪತ್ತು ಮಾರು ಆಚೆ ನಿಂತರು. ಆ ಹೊತ್ತಿನಲ್ಲೂ ದೂರ ಅಳೆಯಲು ಮರೆಯಲಿಲ್ಲ.

ಅವರಲ್ಲಿ ಒಬ್ಬಳು ಮಾತ್ರ ನನ್ನ ಎದುರಿಗೇ ಬಂದಳು. ನೇಕಾರರ ಓಣಿಯ ಸೋವಕ್ಕ, ನನ್ನದೇ ವಯಸ್ಸು. ಸೀರೆಯಿಂದ ನೀರು ಇಳಿಯುತ್ತಿತ್ತು, ಕೈಯಲ್ಲಿ ಒದ್ದೆ ನೂಲಿನ ಕಟ್ಟು.

"ಒಲೆ ಹಾಕಿದೋಳು ನೀನೇನಾ?"

"ನಾನೇ."

"ಮಗಳಿಗೋಸ್ಕರ ಅಂತೆ."

"ಹೂಂ."

"ನನ್ ಮಗ್ಗ ಹೋಯ್ತು. ನಮ್ಮ ಓಣೀಲಿ ಹನ್ನೆರಡು ಮಗ್ಗ. ನಾವೇನು ನಿನ್ ಮಗಳಿಗೆ ಬೇಲಿ ಹಾಕಿದ್ವಾ? ಹೇಳು. ಹಾಕಿದ್ವಾ?"

ನನಗೆ ಹೇಳಲು ಬಹಳ ಇತ್ತು. ಬೇಲಿಯ ಪಕ್ಕದಲ್ಲೇ ನೂಲು ಒಣಗಿಸಿದ್ದಿರಲ್ಲ, ಒಂದು ದಿನ ಅತ್ತ ನೋಡಿದಿರಾ ಎನ್ನಬಹುದಿತ್ತು. ಅವಳ ಕೈಯಿಂದ ನೂಲಿನ ಬಣ್ಣ ಕೆಂಪಗೆ ಇಳಿದು ಹೋಗುತ್ತಿತ್ತು. 

ಮಧ್ಯಾಹ್ನಕ್ಕೆ ಪೇಟೆಬೀದಿಯಿಂದ ದೋಣಿಗಳು ಬಂದು ಗುಡ್ಡದ ಬುಡಕ್ಕೆ ಹತ್ತಿದವು. ಮುಂದಿನದರಲ್ಲಿ, ನಮ್ಮವರನ್ನು ಕೊಟ್ಟು ಒಲೆ ಎತ್ತಿಸಲು ಬಂದ ಬೊಪ್ಪರಸರು. ಹಿಂದಿನವುಗಳಲ್ಲಿ ಬೇಲಿಯೊಳಗಿನ ಹದಿನೈದು ಮನೆಯವರು, ಅವರ ಮಡಿಲಲ್ಲಿ ಅವರವರ ಕಲ್ಲು. ಸಾತಿಯನ್ನು ನಾಲ್ಕು ಜನ ಹೆಂಗಸರು ಎತ್ತಿಕೊಂಡು ಬಂದರು. ನೋವು ಆಗಲೇ ಬಂದಿತ್ತು. ನನ್ನನ್ನು ಕಂಡು, "ಇನ್ನು ಮಗ್ಗುಲು ಬದಲಾಯಿಸ್ಲಾ ಅವ್ವಾ?" ಎಂದಳು. ನಾನು ಅವಳನ್ನು ನನ್ನ ಒಲೆಯ ಹಿಂದಕ್ಕೆ ಕರೆದುಕೊಂಡು ಹೋದೆ, ಅತ್ತೆ ಸೀರೆಯೊಂದನ್ನು ಮರೆ ಹಿಡಿಸಿದಳು. ಬೊಪ್ಪರಸರು, ಅವರ ಹಿರಿಯರು, ಈಟಿಯವರು ಎಲ್ಲರೂ ಆಚೆ ಕಾಯುತ್ತಾ ನಿಂತರು. ಒಂದು ಊರು ನನ್ನ ಮಗಳ ಹೆರಿಗೆಗೆ ಕಾಯಿತು. ಹೊತ್ತು ಇಳಿಯುವ ಮುಂಚೆ ಹೆಣ್ಣು ಮಗು ಆಯಿತು. ಮೊದಲ ಕೂಗಿಗೇ ಗಂಟಲು ದೊಡ್ಡದು ಎಂದು ತಿಳಿಯಿತು.

"ಆಯಿತಲ್ಲ?" ಎಂದರು ಬೊಪ್ಪರಸರು ಸೀರೆಯ ಆಚೆಯಿಂದ. "ನಿನ್ನ ಮಗಳು ನಿನಗೆ ಸಿಕ್ಕಿದಳು. ಈಗ ಎತ್ತಿ. ಮೂವತ್ತು ಒಲೆಯೂ ಈ ಗುಡ್ಡದ ಮೇಲೆಯೇ ಇದ್ದರೆ ಮೂರನೆಯ ದಿನಕ್ಕೆ ಕಡಲು ಇಲ್ಲಿಗೇ ಬರುತ್ತದೆ. ಊರಿನಲ್ಲಿ ಗುಡಿಯ ಕಳಶವೂ ಉಳಿಯುವುದಿಲ್ಲ."

ಅತ್ತೆ ಕೈ ತೊಳೆದುಕೊಂಡು ಹೊರಗೆ ಬಂದಳು. "ಎತ್ತಕ್ಕಾಗಕಿಲ್ಲ."

"ಏನು?"

"ಪುರುಡು. ಮಗು ಹುಟ್ಟಿದ್ರೆ ಹನ್ನೊಂದು ದಿನ ಬಾಣಂತಿ ಕಡೆಯೋರು ಒಲೆಗಲ್ಲು ಮುಟ್ಟಂಗಿಲ್ಲ. ನಮ್ಮಲ್ಲಿ ಮೂವತ್ತು ಮನೇನೂ ಒಂದೇ ಬಳ್ಳಿ."

ಬೊಪ್ಪರಸರು ನನ್ನನ್ನು ನೋಡಿದರು. ಅತ್ತೆ ಸುಳ್ಳು ಹೇಳುತ್ತಿರಲಿಲ್ಲ, ಅದು ನಮ್ಮ ಪದ್ಧತಿ. ಮುರಿಯಬಹುದಿತ್ತು. ಡಂಗುರವಿಲ್ಲದೆ ಒಲೆ ಎತ್ತಿದವಳು ನಾನು, ಇದನ್ನೂ ಮುರಿಯಬಹುದಿತ್ತು. ಅವರ ಮಡಿಯನ್ನು ನಾವು ಏಳು ತಲೆಮಾರು ಒಂದು ದಿನವೂ ಬಿಡದೆ ಕಾಪಾಡಿಕೊಂಡು ಬಂದಿದ್ದೇವೆ. ನಮ್ಮದನ್ನು ಅವರು ಒಂದು ಸಲ ಕಾಪಾಡಲಿ ಎನಿಸಿತು.

"ಬಳ್ಳಿಯವರಲ್ಲದೋರು ಎತ್ತಬಹುದು" ಎಂದೆ. "ತೊಂಬತ್ತು ಕಲ್ಲು. ತಲೆ ಮ್ಯಾಲೇ ಹೊರಬೇಕು, ಗಾಡಿಗೆ ಹಾಕಂಗಿಲ್ಲ."

ಹಿರಿಯರು ಒಂದು ಕಡೆ ಸೇರಿದರು. ಹೂಳಿನವರ ಒಲೆಗಲ್ಲು ಮುಟ್ಟಿದರೆ ಒಂದು ಮೈಲಿಗೆ, ಅದರ ಮೇಲೆ ಪುರುಡು ಬೇರೆ. ಎರಡು ಮೈಲಿಗೆಗೆ ಯಾವ ಪ್ರಾಯಶ್ಚಿತ್ತ, ಯಾವುದು ಮೊದಲು, ಕಲ್ಲಿಗೆ ಬಟ್ಟೆ ಸುತ್ತಿದರೆ ಹೇಗೆ ಎಂದು ಮಾತಾಡಿದರು. ಕೆಳಗೆ ನೀರು ಒಂದೊಂದೇ ಬೆರಳು ಏರುತ್ತಿತ್ತು. ಅತ್ತೆಗೆ ಕೇಳಿ ಕೇಳಿ ಸಾಕಾಯಿತು.

"ಎರಡು ಮೈಲಿಗೆ ಕೂಡಿದ್ರೆ ಮಡಿ ಆದ್ರೂ ಆದೀತು, ಎತ್ತಿ ನೋಡ್ರಪ್ಪಾ" ಎಂದು ಕೂಗಿದಳು.

ಆಗ ಸೋವಕ್ಕ ಇಪ್ಪತ್ತು ಮಾರು ದಾಟಿ ಬಂದಳು. ಕೈಯಲ್ಲಿದ್ದ ಒದ್ದೆ ನೂಲನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು.

"ಯಾವ ಕಲ್ಲು ಮೊದ್ಲು?"

"ಎಡಗಡೇದು. ಬಿಸಿ ಐತೆ, ನೀರು ಚಿಮುಕಿಸು."

"ನಾನಿದನ್ನ ನಿನಗೋಸ್ಕರ ಎತ್ತುತಾ ಇಲ್ಲ."

"ಗೊತ್ತು."

ಅವಳು ಎತ್ತಿದಳು. ನೀರಿನಲ್ಲಿ ಮಗ್ಗ ಬಿಟ್ಟು ಬಂದ ಉಳಿದ ನೇಕಾರರು ಎತ್ತಿದರು. ಗಾಣದವರು, ಮೂಟೆ ಹೊರುವವರು, ಉಪ್ಪಿನವರು ಎತ್ತಿದರು. ಈಟಿಯವರು ಈಟಿ ಕೆಳಗಿಟ್ಟು ಎತ್ತಿದರು. ಇಬ್ಬರು ವರ್ತಕರು ಕಣ್ಣು ಮುಚ್ಚಿಕೊಂಡು ಎತ್ತಿದರು. ನಾಲ್ಕು ಜನ ಕುದುರೆಯಾಳುಗಳು ಬೊಪ್ಪರಸರ ಪಲ್ಲಕ್ಕಿ ತಂದು ಸಾತಿಯನ್ನೂ ಕೂಸನ್ನೂ ಅದರಲ್ಲಿ ಮಲಗಿಸಿದರು. ಕಡೆಗೆ ಒಂದು ಕಲ್ಲು ಉಳಿಯಿತು, ಸಾತಿಯ ಒಲೆಯದು. ಗುಡ್ಡದ ಮೇಲೆ ಕಲ್ಲು ಹೊರದ ಗಂಡಸರು ಇನ್ನೂ ಹತ್ತಾರು ಜನ ಇದ್ದರು. ಒಬ್ಬನೂ ಅಲುಗಲಿಲ್ಲ. ಎಲ್ಲರೂ ಬೊಪ್ಪರಸರನ್ನೇ ನೋಡುತ್ತಿದ್ದರು. ಅವರು ಪಟ್ಟೆಯ ಉತ್ತರೀಯ ತೆಗೆದು ತಾವೇ ಸುತ್ತಿದರು. ಸಿಂಬೆ ಸುತ್ತಲು ಬರಲಿಲ್ಲ, ಮೂರು ಸಲ ಬಿಚ್ಚಿಹೋಯಿತು.

ಗುಡ್ಡದ ಬುಡದಲ್ಲಿ ಸೋವಕ್ಕ ನಿಂತು, ಕಲ್ಲು ಹೊತ್ತ ತಲೆ ಅಲುಗಿಸದೆ ಕೇಳಿದಳು. "ಎಲ್ಲಿ ಇಡೋದು?"

ಆ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ. ನಾನು ಮಗಳ ತನಕ ಯೋಚಿಸಿದ್ದೆ, ಅದರಾಚೆಗೆ ಯೋಚಿಸಿರಲಿಲ್ಲ. ಅವಳ ತಲೆಯಿಂದ ಕೆಂಪು ನೀರು ಹಣೆಗೆ ಇಳಿಯುತ್ತಿತ್ತು.

"ನಿಮಗೆ ಕಡಲು ಎಲ್ಲಿದ್ರೆ ಚೆಂದ?" ಎಂದೆ.

"ಹಳೇ ಹಡಗುಕಟ್ಟೆ ಹತ್ರ. ನಮ್ಮಜ್ಜಿ ಕಾಲ್ದಲ್ಲಿ ಇದ್ದಲ್ಲೇ."

"ಹಂಗಾದ್ರೆ ಕಟ್ಟೆಯಿಂದ ಊರೊಳಕ್ಕೆ ಇನ್ನೂರು ಹೆಜ್ಜೆ ಎಲ್ಲಿಗೆ ಬತ್ತದೆ, ಅಲ್ಲಿ ಇಡು."

ಹೊರೆ ಹೊರುವವರಿಗೆ ಹೆಜ್ಜೆಯ ಲೆಕ್ಕ ಬಾಯಲ್ಲೇ ಇರುತ್ತದೆ. "ಕಟ್ಟೆಯಿಂದ ನಮ್ಮ ಓಣಿಗೆ ನೂರೈವತ್ತು" ಎಂದಳು ಸೋವಕ್ಕ. "ಅಲ್ಲಿಂದ ಐವತ್ತು..." ಎಂದು ನಿಲ್ಲಿಸಿದಳು. ಅವಳ ಹಿಂದಿದ್ದ ಗಾಣದವನೊಬ್ಬ ಮೆಲ್ಲಗೆ, "ಅರಸರ ಮನೆ ಜಗಲಿ" ಎಂದ.

ನಾವು ಸೊಂಟಮಟ್ಟದ ನೀರಿನಲ್ಲಿ ಪೇಟೆಬೀದಿ ಹಿಡಿದು ನಡೆದೆವು. ನಾನು ಆ ಊರಿನ ಪೇಟೆಬೀದಿಯಲ್ಲಿ ಕಾಲಿಟ್ಟದ್ದು ಅದೇ ಮೊದಲು, ಯಾವ ಊರಿನ ಪೇಟೆಬೀದಿಯಲ್ಲೂ ಅದೇ ಮೊದಲು. ಜಗಲಿ ಉದ್ದವಾಗಿತ್ತು, ನುಣುಪಾಗಿತ್ತು, ಮೂವತ್ತು ಒಲೆಗೆ ಧಾರಾಳವಾಗಿ ಸಾಲುವಂತಿತ್ತು. ಒಬ್ಬೊಬ್ಬರೇ ಹತ್ತಿ ಕಲ್ಲು ಇಳಿಸಿದರು. ಸೋವಕ್ಕ ಇಳಿಸಿದಳು, ಈಟಿಯವರು ಒಬ್ಬರ ಕಲ್ಲಿಗೆ ಒಬ್ಬರು ಕೈ ಕೊಟ್ಟು ಇಳಿಸಿದರು. ಎಂಬತ್ತೊಂಬತ್ತು ಕಲ್ಲು ಸಾಲಾಗಿ ಕೂತವು. ಇಳಿಸಿದವರು ಬಚ್ಚಲು ಹುಡುಕಿಕೊಂಡು ಒಬ್ಬೊಬ್ಬರಾಗಿ ಹೋದರು. ಬೊಪ್ಪರಸರು ತಮ್ಮ ಮನೆಯ ಬಾಗಿಲಿಗೆ ಎದುರಾಗಿ ನಿಂತು, ಎರಡು ಕೈಯಲ್ಲೂ ಕಲ್ಲು ಹಿಡಿದುಕೊಂಡು, ಕುತ್ತಿಗೆ ಬಗ್ಗಿಸಲಾಗದೆ, ಇಳಿಸಲು ಯಾರಾದರೂ ಕೈ ಕೊಡುತ್ತಾರೇನೋ ಎಂದು ಕಣ್ಣು ಹೊರಳಿಸಿ ನೋಡಿದರು. ಅವರ ಹತ್ತಿರ ಉಳಿದಿದ್ದವರು ನಾವೇ. ನಾವು ಪುರುಡಿನವರು, ಮುಟ್ಟುವಂತಿರಲಿಲ್ಲ.